ಹಿಟ್ಟಿನ ಕೋಳಿ ಕೂಗುವ ಪ್ರತಿ ಯಾವುದು? ‘ಯಶೋಧರ ಚರಿತೆ’ ಕೊಳ್ಳುವವರಿಗೆ

ಜನ್ನನ ‘ಯಶೋಧರ ಚರಿತೆ’ ಇವತ್ತಿನ ಓದುಗರಿಗೆ ಸಿಗುವುದು ನಾಲ್ಕು ರೂಪದಲ್ಲಿ. ಬರಿಯ ಮೂಲ ಪಠ್ಯ ಒಂದು. ಮೂಲದ ಜೊತೆಗೆ ಹೊಸಗನ್ನಡ ಗದ್ಯಾನುವಾದ ಇರುವುದು ಇನ್ನೊಂದು. ಪರೀಕ್ಷೆಗೆಂದೇ ಹೊಲಿದ ಕಥಾಸಾರ ಮೂರನೆಯದು. ವಾಚನದ ಧ್ವನಿಮುದ್ರಿಕೆ ನಾಲ್ಕನೆಯದು. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಎರಡನೆಯದನ್ನು ಕೊಳ್ಳಿ, ನಾಲ್ಕನೆಯದನ್ನು ಪಕ್ಕದಲ್ಲಿಟ್ಟುಕೊಳ್ಳಿ, ಮೂರನೆಯದನ್ನು ಮುಟ್ಟಬೇಡಿ. ಮೊದಲನೆಯದು ಹಳಗನ್ನಡದಲ್ಲಿ ಕೈ ಪಳಗಿದವರಿಗೆ ಮಾತ್ರ.

ಈ ತೀರ್ಪಿಗೆ ಕಾರಣ ಕಾವ್ಯದೊಳಗೇ ಇದೆ. 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿ ಬರೆದ ಈ ಕಾವ್ಯ ಪ್ರೀತಿ ಮುರಿದುಬಿದ್ದದ್ದನ್ನೂ ಪಾಪ ಬೆನ್ನು ಹತ್ತಿದ್ದನ್ನೂ ಹೇಳುವುದು ಕಿವಿಯ ಮೂಲಕ. ರಾತ್ರಿ ಕೇಳಿದ ಒಂದು ಹಾಡು, ಬಲಿಪೀಠದಲ್ಲಿ ಕೇಳಿದ ಒಂದು ಕೂಗು, ಕೊನೆಗೆ ಕೂಗಿನ ಜಾಡು ಹಿಡಿದು ಬಂದ ಒಂದು ಬಾಣ. ಈ ಮೂರು ಸದ್ದುಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಡದ ಪ್ರತಿ ಎಷ್ಟೇ ಚೆಂದದ ರಟ್ಟು ಹಾಕಿಕೊಂಡಿದ್ದರೂ ಅರ್ಧ ಪುಸ್ತಕ. ಆದ್ದರಿಂದ ಇಲ್ಲಿನ ಅಳತೆಗೋಲು ಕಾಗದವಲ್ಲ, ಹೊದಿಕೆಯಲ್ಲ. ಆ ಮೂರು ಸದ್ದುಗಳು ಓದುಗನಿಗೆ ಕೇಳಿಸುತ್ತವೆಯೇ ಎನ್ನುವುದು.

ಕಾವ್ಯದ ಗಾತ್ರ ದೊಡ್ಡದಲ್ಲ. ನಾಲ್ಕು ಅವತಾರ, ಅಂದರೆ ಅಧ್ಯಾಯ; ಮುನ್ನೂರಕ್ಕೆ ಸ್ವಲ್ಪ ಮೇಲೆ ಪದ್ಯ, ಬಹುಪಾಲು ಕಂದವೆಂಬ ನಾಲ್ಕು ಸಾಲಿನ ಛಂದಸ್ಸು. ದಿನಕ್ಕೆ ಹದಿನೈದು ಪದ್ಯ ಹಿಡಿದರೆ ಮೂರು ವಾರದ ಓದು. ಚೌಕಟ್ಟಿನ ಕತೆ ಹೀಗೆ: ರಾಜಪುರದ ದೊರೆ ಮಾರಿದತ್ತ ಚಂಡಮಾರಿಗೆ ನರಬಲಿ ಕೊಡಲು ಹೊರಟಾಗ ಸೆರೆಸಿಕ್ಕ ಅಭಯರುಚಿ ಮತ್ತು ಅಭಯಮತಿ ಎಂಬ ಅಣ್ಣತಂಗಿಯರನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಹೆದರದೆ ನಗುತ್ತ ನಿಂತ ಆ ಹುಡುಗ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಾನೆ. ಉಜ್ಜಯಿನಿಯ ಅರಸು ಯಶೋಧರ ಅವನೇ. ಪಕ್ಕದಲ್ಲಿ ನಿಂತ ತಂಗಿ ಆಗ ಅವನ ತಾಯಿಯಾಗಿದ್ದ ಚಂದ್ರಮತಿ. ಅಂದರೆ ಇಡೀ ಕತೆ ಕತ್ತಿಯ ಮುಂದೆ ನಿಂತು ಕೊಟ್ಟ ತಪ್ಪೊಪ್ಪಿಗೆ. ಕಥಾಸಾರದ ಪುಸ್ತಕಗಳು ಮೊದಲು ಕತ್ತರಿಸಿ ಬಿಸಾಡುವುದು ಈ ಚೌಕಟ್ಟನ್ನೇ. ‘ಒಂದಾನೊಂದು ಊರಿನಲ್ಲಿ ಯಶೋಧರನೆಂಬ ರಾಜನಿದ್ದ’ ಎಂದು ಶುರುಮಾಡಿದರೆ ಹೇಳುವ ದನಿಯೇ ಹೋಯಿತು.

ಪುಸ್ತಕ ಕೈಗೆ ತೆಗೆದುಕೊಂಡಾಗ ಮುನ್ನುಡಿ ಬಿಟ್ಟು ನೇರವಾಗಿ ಎರಡನೆಯ ಅವತಾರಕ್ಕೆ ಹೋಗಿ. ಮೊದಲ ಪರೀಕ್ಷೆ ಈ ಪದ್ಯ:

ನೋಡುವ ಕಣ್ಗಳ ಸಿರಿ ಮಾ
ತಾಡುವ ಬಾಯ್ಗಳ ರಸಾಯನಂ ಸಂತಸದಿಂ
ಕೂಡುವ ತೋಳ್ಗಳ ಪುಣ್ಯಂ
ನಾಡಾಡಿಯೆ ರೂಪು ಕುವರ ವಿದ್ಯಾಧರನಾ

ಯಶೋಧರನ ಚೆಲುವಿನ ವರ್ಣನೆ ಇದು. ಮೊದಲ ಸಾಲಿನ ತುದಿಯಲ್ಲಿ ‘ಮಾ’ ಒಂಟಿಯಾಗಿ ನಿಂತಿದೆಯೇ ನೋಡಿ. ‘ಓದಲು ಸುಲಭವಾಗಲಿ’ ಎಂದು ಅದನ್ನು ಕೆಳಗಿಳಿಸಿ ‘ಮಾತಾಡುವ ಬಾಯ್ಗಳ’ ಎಂದು ಕೂಡಿಸಿದ ಪ್ರತಿಗಳುಂಟು. ಅಲ್ಲಿಗೆ ಕಂದದ ಬೆನ್ನುಮೂಳೆ ಮುರಿದ ಹಾಗೆ. ಕಂದದಲ್ಲಿ ಸಾಲುಗಳ ಮಾತ್ರೆ 12, 20, 12, 20, ಒಟ್ಟು 64. ನಾಲ್ಕು ಮಾತ್ರೆಯ ಗಣಗಳು ಮೊದಲ ಸಾಲಿನಲ್ಲಿ ಮೂರು, ಎರಡನೆಯದರಲ್ಲಿ ಐದು, ಮುಂದಿನ ಎರಡು ಸಾಲಿಗೂ ಇದೇ ಲೆಕ್ಕ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ: ನೋಡು, ತಾಡು, ಕೂಡು, ನಾಡಾ. ‘ಮಾ’ವನ್ನು ಕೆಳಗೆ ಎಳೆದರೆ ಮೊದಲ ಸಾಲು ಹತ್ತು ಮಾತ್ರೆಗೆ ಕುಸಿಯುತ್ತದೆ, ಎರಡನೆಯದು ಇಪ್ಪತ್ತೆರಡಕ್ಕೆ ಉಬ್ಬುತ್ತದೆ, ‘ಡ’ಕಾರದ ಪ್ರಾಸವೂ ತಪ್ಪುತ್ತದೆ. ಮೊಬೈಲಿನಲ್ಲಿ ಓದುವ ಇ-ಪುಸ್ತಕಗಳಲ್ಲಿ ಈ ತೊಂದರೆ ಹೆಚ್ಚು. ಅಕ್ಷರದ ಗಾತ್ರ ಹಿಗ್ಗಿಸಿದ ಕೂಡಲೇ ಸಾಲುಗಳು ಮನಬಂದಂತೆ ಮುರಿಯುತ್ತವೆ. ಪುಟದ ಚಿತ್ರವನ್ನೇ ಕೊಡುವ ಪಿಡಿಎಫ್ ಆದರೆ ಅಡ್ಡಿಯಿಲ್ಲ, ಫೋನನ್ನು ಅಡ್ಡ ಹಿಡಿದು ಓದಬಹುದು.

ಈ ಪದ್ಯವನ್ನೇ ಪರೀಕ್ಷೆಗೆ ಇಟ್ಟದ್ದಕ್ಕೆ ಇನ್ನೊಂದು ಕಾರಣವಿದೆ. ಅರಸನ ಚೆಲುವು ‘ಕಣ್ಗಳ ಸಿರಿ’. ನೋಟಕ್ಕೆ ಒಪ್ಪುವ ಎಲ್ಲವೂ ಅವನಲ್ಲಿದೆ. ಅವನ ಹೆಂಡತಿ ಅಮೃತಮತಿ ಜಾರುವುದೋ ಕಿವಿಯಿಂದ. ಬೆಳಗಿನ ಜಾವ ಆನೆಯ ಲಾಯದ ಕಡೆಯಿಂದ ಮಾವುತನೊಬ್ಬ ಸುಮ್ಮನೆ ವಿನೋದಕ್ಕೆ ಹಾಡುತ್ತಾನೆ. ಆ ನುಣ್ದನಿ ಅವಳ ನಿದ್ರೆಯ ಕದ ತೆರೆಯುತ್ತದೆ. ಪದ್ಯದ ಕೊನೆಯ ಸಾಲು: ‘ಮನಮಂ ತೊಟ್ಟನೆ ಪಸಾಯದಾನಂಗೊಟ್ಟಳ್’. ಇದು ಎರಡನೆಯ ಪರೀಕ್ಷೆ. ಗದ್ಯಾನುವಾದದಲ್ಲಿ ‘ಅವಳು ಅವನಿಗೆ ಮನಸೋತಳು’ ಎಂದಷ್ಟೇ ಇದ್ದರೆ ಪುಸ್ತಕವನ್ನು ಮತ್ತೆ ಕಪಾಟಿನಲ್ಲಿಡಿ. ಪಸಾಯದಾನ ಎಂದರೆ ಅರಸರು, ಒಡೆಯರು ಮೆಚ್ಚಿದ ಕಲಾವಿದನಿಗೆ ಕೊಡುವ ಉಡುಗೊರೆ. ರಾಣಿ ಗಾಯಕನಿಗೆ ಮೆಚ್ಚು ಕೊಡುವ ಗತ್ತಿನಲ್ಲೇ, ಅದೂ ತಟ್ಟನೆ, ಮನಸ್ಸನ್ನು ಕೊಟ್ಟುಬಿಡುತ್ತಾಳೆ. ಕೊಡುವವಳ ಸ್ಥಾನವೂ ಕೊಟ್ಟದ್ದರ ಬೆಲೆಯೂ ಆ ಒಂದು ಮಾತಿನಲ್ಲಿ ಡಿಕ್ಕಿ ಹೊಡೆಯುತ್ತವೆ. ಅನುವಾದಕ ಇದನ್ನು ಗಮನಿಸಿದ್ದಾನೆ ಎಂದಾದರೆ ಉಳಿದ ಪುಟಗಳನ್ನೂ ನಂಬಬಹುದು.

ಮೂರನೆಯ ಪರೀಕ್ಷೆ ಸ್ವಲ್ಪ ದೀರ್ಘ. ಆದರೆ ಇಡೀ ಕಾವ್ಯದ ಅತ್ಯುತ್ತಮ ಜಾಗ ಅದೇ. ಹಾಡಿದವನನ್ನು ನೋಡಿಬರಲು ರಾಣಿ ಕಳಿಸಿದ ಕೆಳದಿ ಅಸಹ್ಯಪಟ್ಟು ಹಿಂದಿರುಗುತ್ತಾಳೆ. ಅವನ ಹೆಸರೇ ಅಷ್ಟಾವಂಕ, ಮೈಯೆಲ್ಲ ಸೊಟ್ಟ. ಅವಳ ವರದಿಗೆ ರಾಣಿಯ ಉತ್ತರ:

ಕರಿದಾದೊಡೆ ಕತ್ತುರಿಯಂ
ಮುರುಡಾದೊಡೆ ಮಲಯಜಂಗಳಂ ಕೊಂಕಿದೊಡೇಂ
ಸ್ಮರಚಾಪಮನಿಳಿಕೆಯ್ವರೆ
ಮರುಳೇ ಪೊಲ್ಲಮೆಯೆ ಲೇಸು ನಲ್ಲರ ಮೆಯ್ಯೊಳ್

ಕಪ್ಪಗಿದೆಯೆಂದು ಕಸ್ತೂರಿಯನ್ನು, ಮುರುಟಿದೆಯೆಂದು ಶ್ರೀಗಂಧವನ್ನು, ಕೊಂಕಿದೆಯೆಂದು ಮನ್ಮಥನ ಬಿಲ್ಲನ್ನು ಯಾರಾದರೂ ಹಳಿಯುತ್ತಾರೆಯೇ, ಮರುಳೇ. ನಲ್ಲರ ಮೈಯಲ್ಲಿ ಕುಂದೇ ಚೆಲುವು. ಬಹಳಷ್ಟು ಟಿಪ್ಪಣಿಗಳು ಇಲ್ಲಿ ‘ಪ್ರೇಮ ಕುರುಡು’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಪ್ರತಿಮೆಗಳ ಜೋಡಣೆಯನ್ನು ನೋಡಬೇಕು. ಕಪ್ಪು, ಮುರುಡು, ಕೊಂಕು ಈ ಮೂರೂ ಕೆಳದಿ ಕಂಡುಬಂದ ಮೈಯ ದೋಷಗಳು. ಅವಳ ಒಂದೊಂದು ದೂರಿಗೂ ಒಂದೊಂದು ಉತ್ತರ. ಅವುಗಳಲ್ಲಿ ಮೊದಲೆರಡು, ಕಸ್ತೂರಿ ಮತ್ತು ಗಂಧ, ಮೂಗಿನ ವಸ್ತುಗಳು. ಅಮೃತಮತಿ ವಾದ ಮಾಡುತ್ತಿರುವುದು ಕಣ್ಣಿನ ವಿರುದ್ಧ. ಕುರುಡಲ್ಲ ಇದು, ಬೇರೆ ಇಂದ್ರಿಯದ ಪಕ್ಷ ವಹಿಸಿದ ಪ್ರೀತಿ. ‘ಒಲವಾದೊಡೆ ರೂಪಿನ ಕೋಟಲೆಯೇವುದೊ’ ಎಂದು ಅವಳೇ ಹೇಳುತ್ತಾಳಲ್ಲ, ಒಲಿದ ಮೇಲೆ ರೂಪದ ರಗಳೆ ಏತಕ್ಕೆ? ಇಷ್ಟು ತರ್ಕಬದ್ಧವಾಗಿ ಮಾತಾಡುವ ಹೆಣ್ಣನ್ನು ‘ಸ್ತ್ರೀಚಾಂಚಲ್ಯಕ್ಕೆ ಉದಾಹರಣೆ’ ಎಂದು ಒಂದು ಸಾಲಿನಲ್ಲಿ ಮುಗಿಸುವ ಟಿಪ್ಪಣಿ ಕಂಡರೆ ಆ ಸಂಪಾದಕರು ಪದ್ಯ ಓದಿಲ್ಲ, ಪಾಠ ಮಾತ್ರ ಮಾಡಿದ್ದಾರೆ ಎಂದು ತಿಳಿಯಬಹುದು.

ಮುಂದಿನದು ಭ್ರಮೆ ಹರಿಯುವ ಭಾಗ. ಯಶೋಧರ ರಾತ್ರಿ ಅವಳ ಹಿಂದೆಯೇ ಹೋಗಿ ಮರೆಯಲ್ಲಿ ನಿಲ್ಲುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹಿಡಿದು ಬಡಿಯುವುದನ್ನೂ, ಅವಳು ಅವನ ಕಾಲಿಗೆ ಬೀಳುವುದನ್ನೂ ಕಾಣುತ್ತಾನೆ. ಕತ್ತಿ ಎತ್ತುತ್ತಾನೆ. ಇಳಿಸುತ್ತಾನೆ. ಮರಳಿ ಬಂದು ಮಲಗುತ್ತಾನೆ. ಮರುದಿನ ಸರಸವಾಡುವ ನೆವದಲ್ಲಿ ನೆಯ್ದಿಲ ಹೂವಿನಿಂದ ಅವಳಿಗೆ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ. ರಾತ್ರಿ ಒದೆ ತಿಂದೂ ಕಾಲು ಹಿಡಿದವಳು ಹಗಲು ಹೂವಿನ ಏಟಿಗೆ ಬೀಳುತ್ತಾಳೆ. ರಾತ್ರಿ ಕತ್ತಿ ಹಿಡಿದಿದ್ದ ಕೈಯಲ್ಲೇ ಹಗಲು ಹೂವಿದೆ. ಒಳ್ಳೆಯ ಪ್ರತಿಯಾದರೆ ನೆಯ್ದಿಲ ಪದ್ಯದ ಕೆಳಗೆ ಹಿಂದಿನ ಆ ಎರಡು ಪದ್ಯಗಳ ಸಂಖ್ಯೆಯನ್ನು ಕೊಟ್ಟಿರುತ್ತದೆ. ಕೊಟ್ಟಿರದಿದ್ದರೆ ಪೆನ್ಸಿಲಿನಲ್ಲಿ ನೀವೇ ಬರೆದುಕೊಳ್ಳಿ. ಇದೊಂದು ಅಡ್ಡ ಉಲ್ಲೇಖದಿಂದ ಕಾವ್ಯದ ವ್ಯಂಗ್ಯ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹೆಸರುಗಳ ವ್ಯಂಗ್ಯವನ್ನೂ ಟಿಪ್ಪಣಿ ಹೇಳಬೇಕು: ಯಶಸ್ಸನ್ನು ಹೊತ್ತವನ ಮಾನ ಲಾಯದಲ್ಲಿ ಹೋಗುತ್ತದೆ, ಅಮೃತದ ಹೆಸರಿನವಳು ಮುಂದೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ.

ಪಾಪದ ಭಾಗಕ್ಕೆ ಬಂದರೆ ಸಾಮಾನ್ಯ ಪ್ರತಿಗಳು ಮುಗ್ಗರಿಸುವುದು ಒಂದೇ ಜಾಗದಲ್ಲಿ. ಮಗನ ಮುಖ ಬಾಡಿರುವುದೇಕೆ ಎಂದು ಚಂದ್ರಮತಿ ಕೇಳುತ್ತಾಳೆ. ಅವನು ಕಂಡದ್ದನ್ನು ಹೇಳುವುದಿಲ್ಲ. ಕೆಟ್ಟ ಕನಸಾಯಿತು ಎನ್ನುತ್ತಾನೆ. ತಾಯಿ ಕನಸಿಗೆ ಶಾಂತಿ ಹುಡುಕುತ್ತಾಳೆ, ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಅವನು ಜೀವ ತೆಗೆಯಲು ಒಲ್ಲೆನೆನ್ನುತ್ತಾನೆ. ಕೊನೆಗೆ ಇಬ್ಬರ ನಡುವಿನ ರಾಜಿ ಹಿಟ್ಟಿನ ಕೋಳಿ. ಅಂದರೆ ಬಲಿಗೆ ಕಾರಣವಾದದ್ದೇ ಒಂದು ಸುಳ್ಳು. ಕನಸಲ್ಲದ್ದನ್ನು ಕನಸೆಂದ, ಅದಕ್ಕೆ ಪರಿಹಾರವಾಗಿ ಕೋಳಿಯಲ್ಲದ್ದನ್ನು ಕೋಳಿಯೆಂದು ಕಡಿದ. ಹುಸಿಗೆ ಹುಸಿಯೇ ಮದ್ದು. ಆದರೆ ಕಡಿದಾಗ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಬೆಂತರವೊಂದು, ಅಂದರೆ ಪಿಶಾಚಿಯೊಂದು, ಅದರೊಳಗೆ ಸೇರಿಕೊಂಡಿರುತ್ತದೆ. ಆ ಕೂಗು ಮಾತ್ರ ಹುಸಿಯಲ್ಲ.

ಪರೀಕ್ಷಾ ಗೈಡುಗಳು ಸುಳ್ಳಿನ ಕೊಂಡಿಯನ್ನು ಬಿಡುತ್ತವೆ; ಹಲವು ಕೂಗನ್ನೂ ಬಿಡುತ್ತವೆ. ‘ಹಿಟ್ಟಿನ ಕೋಳಿ ಬಲಿಕೊಟ್ಟ ಪಾಪದಿಂದ ಹಲವು ಜನ್ಮ ತೊಳಲಿದನು’ ಎಂಬ ಒಂದು ವಾಕ್ಯ, ಕೆಳಗೆ ‘ಸಂಕಲ್ಪಹಿಂಸೆ’ ಎಂಬ ಶೀರ್ಷಿಕೆ. ಸಂಕಲ್ಪಹಿಂಸೆ ಎಂಬ ಮಾತು ಸರಿಯೇ. ಕೈ ಕೊಲ್ಲದಿದ್ದರೂ ಮನಸ್ಸು ಕೊಂದಿದ್ದರೆ ಅದೂ ಹಿಂಸೆಯೆಂಬುದು ಜೈನ ನಿಲುವು, ಕಾವ್ಯ ನಿಂತಿರುವುದೂ ಅದರ ಮೇಲೆ. ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ‘ಹಿಟ್ಟನ್ನು ಕಡಿದದ್ದಕ್ಕೆ ಇಷ್ಟೊಂದು ಶಿಕ್ಷೆಯೇ?’ ಎಂದು ವಿದ್ಯಾರ್ಥಿ ನಗುತ್ತಾನೆ, ನಗುವುದು ನ್ಯಾಯವೇ. ರಾತ್ರಿ ಲಾಯದಲ್ಲಿ ಎತ್ತಿ ಇಳಿಸಿದ ಕತ್ತಿ ಎಲ್ಲಿ ಹೋಯಿತು ಎಂದು ಕೇಳಿಕೊಂಡರೆ ನಗು ನಿಲ್ಲುತ್ತದೆ. ಅಲ್ಲಿ ಬೀಳದ ಏಟು ಇಲ್ಲಿ ಬಿತ್ತು. ಕೋಳಿಯ ಕೊರಳಿನ ಮೇಲೆ ಬಿದ್ದದ್ದು ಬೇರೆ ಇಬ್ಬರಿಗೆ ಮೀಸಲಾಗಿದ್ದ ಕತ್ತಿ. ಇದು ಕವಿ ಬಾಯಿಬಿಟ್ಟು ಹೇಳಿದ್ದಲ್ಲ, ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟಾಗ ತೋರುವುದು; ಟಿಪ್ಪಣಿ ಹಾಗೆಂದು ತಿಳಿಸಿಯೇ ಹೇಳಬೇಕು. ವ್ಯಾಖ್ಯಾನವನ್ನು ಮೂಲದ ಮಾತಿನಂತೆ ದಾಟಿಸುವುದು ಗದ್ಯಾನುವಾದ ಪ್ರತಿಗಳ ದೊಡ್ಡ ದೋಷ. ಅನುವಾದ ಒಂದು ಅಚ್ಚಿನಲ್ಲಿ, ಸಂಪಾದಕರ ಮಾತು ಬೇರೆ ಅಚ್ಚಿನಲ್ಲಿ ಅಥವಾ ಅಡಿಟಿಪ್ಪಣಿಯಲ್ಲಿ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ.

ಜನ್ಮಾಂತರದ ಭಾಗ ಬಹಳ ಜನಕ್ಕೆ ಗೊಂದಲ. ಒಳ್ಳೆಯ ಪ್ರತಿಯಲ್ಲಿ ಇದಕ್ಕೊಂದು ಪಟ್ಟಿ ಇರುತ್ತದೆ. ಇಲ್ಲದಿದ್ದರೆ ರಟ್ಟಿನ ಒಳಬದಿಯಲ್ಲಿ ಬರೆದುಕೊಳ್ಳಲು ಇಷ್ಟು ಸಾಕು: ಮಗ ನವಿಲಾದಾಗ ತಾಯಿ ನಾಯಿ. ಅವನು ಮುಳ್ಳುಹಂದಿ, ಅವಳು ಹಾವು. ಅವನು ಮೀನು, ಅವಳು ಮೊಸಳೆ. ಆಮೇಲೆ ಅವಳು ಆಡು, ಅವನು ಅವಳ ಹೊಟ್ಟೆಯ ಹೋತ. ಮತ್ತೆ ಅವನು ಹೋತ, ಅವಳು ಕೋಣ. ಕೊನೆಗೆ ಇಬ್ಬರೂ ಕೋಳಿ. ತಾಯಿಮಕ್ಕಳು ಒಬ್ಬರನ್ನೊಬ್ಬರು ತಿನ್ನುತ್ತ ಬೇಟೆಯಾಡುತ್ತ ಬರುವ ಈ ಸರಣಿ ಕೋಳಿಯಲ್ಲೇ ಮುಗಿಯುವುದು ಕಾಕತಾಳೀಯವಲ್ಲ. ಕಡಿದ ಪ್ರಾಣಿಯೇ ಆಗಿ ಹುಟ್ಟಿದ್ದಾರೆ. ಧರ್ಮಬೋಧೆ ಕೇಳಿದ ಸಂತೋಷಕ್ಕೆ ಆ ಕೋಳಿಗಳು ಕೂಗುತ್ತವೆ; ಯಶೋಧರನ ಮಗ ಯಶೋಮತಿ, ಶಬ್ದವೇಧಿ ವಿದ್ಯೆಯನ್ನು ಹೆಂಡತಿ ಕುಸುಮಾವಳಿಗೆ ತೋರಿಸಲೆಂದು, ಕೂಗು ಬಂದತ್ತ ಬಾಣ ಬಿಡುತ್ತಾನೆ. ಹಿಟ್ಟಿನ ಕೋಳಿಯ ಕೂಗು ಅಪ್ಪನ ಕೈಯಲ್ಲಿ, ನಿಜದ ಕೋಳಿಯ ಕೂಗು ಮಗನ ಕೈಯಲ್ಲಿ. ಮೊದಲೇ ಹೇಳಿದ ಮೂರು ಸದ್ದುಗಳಲ್ಲಿ ಕೊನೆಯದು ಇದು. ‘ರಾಜನು ಕೋಳಿಗಳನ್ನು ಕೊಂದನು’ ಎಂದಷ್ಟೇ ಅನುವಾದಿಸಿದ ಪ್ರತಿಯಲ್ಲಿ ಶಬ್ದವೇಧಿ ಬಿಟ್ಟುಹೋಗಿದ್ದರೆ ಅದು ಮುದ್ರಣದೋಷಕ್ಕಿಂತ ದೊಡ್ಡ ತಪ್ಪು.

ಅಕ್ಷರದ ವಿಷಯ. ಹಳಗನ್ನಡದ ಱ, ೞ ಉಳಿಸಿಕೊಂಡ ಪ್ರತಿ ಸಿಕ್ಕರೆ ಒಳ್ಳೆಯದು. ‘ತೆಱೆ’ ಎಂದರೆ ಬಾಗಿಲು ತೆರೆಯುವುದು, ‘ತೆರೆ’ ಎಂದರೆ ಅಲೆ. ಎರಡನ್ನೂ ಒಂದೇ ರಕಾರದಲ್ಲಿ ಅಚ್ಚು ಮಾಡಿದರೆ ಶಬ್ದಕೋಶ ತಿರುವುವಾಗ ದಾರಿ ತಪ್ಪುತ್ತದೆ. ಹಳೆಯ ಪುಸ್ತಕವನ್ನು ಯಂತ್ರದಿಂದ ಓದಿಸಿ ಮಾಡಿದ ಅಂತರ್ಜಾಲದ ಪಠ್ಯಗಳಲ್ಲಿ ಈ ಎರಡು ಅಕ್ಷರಗಳೇ ಮೊದಲು ಕೆಡುತ್ತವೆ, ಒತ್ತಕ್ಷರಗಳು ಎರಡನೆಯದಾಗಿ. ಪದ್ಯ ಕಂದವಾಗಿದ್ದರೆ, ಅನುಮಾನ ಬಂದ ಸಾಲಿನ ಮಾತ್ರೆ ಎಣಿಸಿ. ಹ್ರಸ್ವಕ್ಕೆ ಒಂದು (ಇದು ಲಘು); ದೀರ್ಘಕ್ಕೆ, ಅನುಸ್ವಾರವಿರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ‘ಮೆಯ್ಯೊಳ್’ನ ‘ಯೊಳ್’ನಂತೆ ವ್ಯಂಜನದಲ್ಲಿ ಮುಗಿಯುವುದಕ್ಕೆ ಎರಡು (ಇದು ಗುರು). ಹನ್ನೆರಡೋ ಇಪ್ಪತ್ತೋ ಬರದಿದ್ದರೆ ತಪ್ಪು ನಿಮ್ಮ ಓದಿನದಲ್ಲ, ಅಚ್ಚಿನದು. ಇನ್ನೂ ಖಚಿತವಾಗಬೇಕೆಂದರೆ ಎರಡನೆಯ ಮತ್ತು ನಾಲ್ಕನೆಯ ಸಾಲಿನ ನಡುವಿನ ಗಣ ನೋಡಿ: ಅದು ‘ರಸಾಯ’ದಂತೆ ಲಘು-ಗುರು-ಲಘು ಆಗಿರಬೇಕು, ಇಲ್ಲವೇ ‘ಪು ಕುವರ’ದಂತೆ ನಾಲ್ಕೂ ಲಘು. ಮೇಲೆ ಕೊಟ್ಟ ಎರಡೂ ಪದ್ಯಗಳಲ್ಲಿ ಇದನ್ನು ಒರೆಹಚ್ಚಿ ಕೈ ಕುದುರಿಸಿಕೊಳ್ಳಬಹುದು.

ಗದ್ಯಾನುವಾದದ ಪ್ರತಿಯಲ್ಲೂ ಒಂದು ಅಪಾಯವಿದೆ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಅನುವಾದ ಇದ್ದರೆ ಕಣ್ಣು ಬಲಕ್ಕೇ ಓಡುತ್ತದೆ, ಮೂರು ದಿನದಲ್ಲಿ ಎಡಪುಟ ಅಲಂಕಾರವಾಗುತ್ತದೆ. ಪದ್ಯದ ಕೆಳಗೇ ಪದವಿಭಾಗ, ಆಮೇಲೆ ಅನ್ವಯ, ಕೊನೆಗೆ ತಾತ್ಪರ್ಯ ಎಂಬ ಹಳೆಯ ಕ್ರಮವೇ ಇದಕ್ಕಿಂತ ಮೇಲು. ಪುಟ ಕಿಕ್ಕಿರಿದಂತೆ ಕಾಣುತ್ತದೆ, ನಿಜ. ಆದರೆ ‘ಸ್ಮರಚಾಪಮನಿಳಿಕೆಯ್ವರೆ’ಯನ್ನು ‘ಸ್ಮರಚಾಪಮನ್ ಇಳಿಕೆಯ್ವರೆ’ ಎಂದು ಬಿಡಿಸಿ ತೋರಿಸಿದ ಮೇಲೆ ಹೊಸ ಓದುಗನೂ ಮುಂದಿನ ಪದ್ಯವನ್ನು ತಾನೇ ಬಿಡಿಸಲು ಹೊರಡುತ್ತಾನೆ. ಅನುಬಂಧದಲ್ಲಿ ಪದ್ಯಗಳ ಅಕಾರಾದಿ ಇದೆಯೇ ಎಂದೂ ನೋಡಿ. ಯಾರೋ ಹೇಳಿದ ಅರ್ಧ ಸಾಲನ್ನು ಹುಡುಕಲು ಅದಿಲ್ಲದೆ ಆಗದು.

ಧ್ವನಿಮುದ್ರಿಕೆ ಆರಿಸುವಾಗ ಎರಡೇ ಮಾತು. ರಾಗದ ಆಲಾಪನೆಯಲ್ಲಿ ಪದ ಮುಳುಗಿಹೋಗುವಂಥದ್ದು ಬೇಡ. ‘ಸಿರಿ ಮಾ’ದಲ್ಲಿ ಕಾಲು ಕ್ಷಣ ನಿಂತು ‘ತಾಡುವ’ಕ್ಕೆ ಇಳಿಯುವ ವಾಚಕರು ಬೇಕು; ಛಂದಸ್ಸು ಮತ್ತು ಅರ್ಥ ಎರಡನ್ನೂ ಹಿಡಿದವರಿಗೆ ಮಾತ್ರ ಆ ನಿಲುಗಡೆ ಬರುತ್ತದೆ. ಮೊದಲು ಪದ್ಯ ಕೇಳಿ, ಆಮೇಲೆ ಕಣ್ಣಿನಿಂದ ಓದಿ, ಮತ್ತೆ ಕೇಳಿ. ವ್ಯಾಖ್ಯಾನ ಬೆರೆಸಿದ ವಾಚನವಾದರೆ ಲಾಯದ ದೃಶ್ಯಕ್ಕೆ ಬಂದಾಗ ವ್ಯಾಖ್ಯಾನಕಾರರು ಮುಜುಗರಪಟ್ಟು ಹಾರಿಸುತ್ತಾರೋ ಹೇಗೆ ಗಮನಿಸಿ. ಹಾರಿಸಿದರೆ ನೆಯ್ದಿಲ ಹೂವಿನ ಪದ್ಯ ಬರಿಯ ಸರಸವಾಗಿ ಉಳಿಯುತ್ತದೆ.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವನ್ನು ಇದರ ಬದಲಿಗೆ ಓದಿದರೆ ಸಾಕೇ ಎಂದು ಕೇಳುವವರಿದ್ದಾರೆ. ಸಾಲದು. ಅದು ಇದೇ ಕತೆಯನ್ನು ಎತ್ತಿಕೊಂಡು ಬೇರೆ ಪ್ರಶ್ನೆ ಕೇಳುವ ಕೃತಿ. ಮೊದಲು ಕಾವ್ಯ, ಆಮೇಲೆ ನಾಟಕ. ತಿರುವುಮುರುವಾದರೆ ಜನ್ನನ ರಾಣಿಯ ಬಾಯಲ್ಲಿ ನಾಟಕದ ರಾಣಿಯ ಮಾತು ಕೇಳಿಸತೊಡಗುತ್ತದೆ.

ಕೊಂಡ ಮೇಲೆ ಮೊದಲ ಅವತಾರದ ವಸಂತವರ್ಣನೆಯನ್ನು ಹಾರಿಸಬೇಡಿ. ‘ಅಷ್ಟಾದಶ ವರ್ಣನೆಯ ಶಾಸ್ತ್ರ’, ಅಂದರೆ ಕಾವ್ಯದಲ್ಲಿ ಇರಲೇಬೇಕಾದ ಹದಿನೆಂಟು ವರ್ಣನೆಗಳಲ್ಲೊಂದು, ಎಂದು ಟಿಪ್ಪಣಿ ಹೇಳಿದರೂ ಸರಿ. ಅಲ್ಲಿ ವಸಂತನು ಶಿಶಿರವನ್ನೇ ಹರಕೆಗೆ ಹಿಡಿದಿದ್ದಾನೆ, ಮುತ್ತುಗದ ಹೂಗಳು ಕುಸುರಿ ಕುಸುರಿ ತರಿದ ಮಾಂಸದಂತೆ ಕಾಣುತ್ತವೆ. ಕತೆ ಶುರುವಾಗುವ ಮೊದಲೇ ಮರಗಳು ಬಲಿ ಕೊಡುತ್ತಿವೆ.